ಎಂಜಲು ತಂತಿಗಳು

“ಈ ತಂತಿ ಹಾಕಿದ್ರೆ ನಿಮ್ಮ ಗಿಟಾರ್‌ಗೆ ಉಸಿರು ಕಟ್ಟುತ್ತೆ.”

ವಾದ್ಯಗಳ ಅಂಗಡಿಯ ಗಾಜಿನ ಮೇಜಿನ ಮೇಲೆ ಬಗ್ಗಿ, ತಂತಿ ಪ್ಯಾಕೆಟ್‌ನ ಹಿಂಬದಿ ಓದುತ್ತಿದ್ದ ಅವಳು ತಲೆ ಎತ್ತಲಿಲ್ಲ. ಪಕ್ಕದಲ್ಲಿ ಅವಳ ಗಿಟಾರ್ ಪೆಟ್ಟಿಗೆ ತೆರೆದು ಮಲಗಿತ್ತು. ಮಾತಾಡಿದವನು ಅಂಗಡಿಯ ನೌಕರನಿರಬೇಕು ಎಂದುಕೊಂಡಳು. ಕೇಳದೆ ಬುದ್ಧಿ ಹೇಳುವವರ ಮುಖ ನೋಡಬಾರದು, ನೋಡಿದರೆ ಇನ್ನೂ ನಾಲ್ಕು ಮಾತು ಬರುತ್ತವೆ ಎನ್ನುವುದು ಅವಳ ಅನುಭವ.

“ಬಿಲ್ ಹಾಕಿ, ಸಾಕು.”

“ನಾನೆಲ್ಲಿಂದ ಬಿಲ್ ಹಾಕ್ಲಿ? ನಾನೂ ತಂತಿ ತಗೊಳ್ಳೋಕೇ ಬಂದಿರೋದು.”

ಈಗ ನೋಡಿದಳು. ಅವಳದೇ ವಯಸ್ಸಿನವನು. ಇಸ್ತ್ರಿ ಕಾಣದ ಅಂಗಿ. ಬಲಗೈ ಉಗುರುಗಳ ಮೇಲೆ ಅಂಟು ಬಳಿದು ಗಟ್ಟಿ ಮಾಡಿಕೊಂಡಿದ್ದ. ಅವಳಿಗೆ ಅಷ್ಟು ಸಾಕಾಯಿತು. ಫ್ಲಮೆಂಕೊ, ಅಂದರೆ ಸ್ಪೇನಿನ ಕುಣಿತದ ಸಂಗೀತ, ನುಡಿಸುವವನು. ಅವಳ ಲೆಕ್ಕದಲ್ಲಿ ನುಡಿಸುವವನೂ ಅಲ್ಲ, ಬಡಿಯುವವನು. ಆ ಜನರ ಗಿಟಾರ್‌ಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಬೆರಳಿನ ಏಟಿಗೆ ಮರ ಹಾಳಾಗದಿರಲಿ ಅಂತ. ವಾದ್ಯಕ್ಕೆ ಕವಚ ತೊಡಿಸಿ ಹೊಡೆಯುವುದನ್ನು ಸಂಗೀತ ಎನ್ನುವವರ ಜೊತೆ ಅವಳಿಗೆ ಮಾತಿರಲಿಲ್ಲ.

ಆದರೂ ಆಡಿದಳು.

“ನಿಮ್ಮ ಗಿಟಾರ್‌ಗೆ ನೀವೇನು ಹಾಕ್ತೀರಿ? ಬಟ್ಟೆ ಒಣಗಿಸೋ ಹಗ್ಗಾನಾ?”

ಅವನು ನಕ್ಕುಬಿಟ್ಟ. ಸಿಟ್ಟು ಮಾಡಿಕೊಂಡಿದ್ದರೆ ಕ್ಷಮಿಸುತ್ತಿದ್ದಳೋ ಏನೋ. ನಕ್ಕಿದ್ದನ್ನು ಮಾತ್ರ ಅವಳು ಮನೆಯವರೆಗೂ ಹೊತ್ತುಕೊಂಡು ಹೋದಳು.

ಅವಳು ಕೊಂಡದ್ದು ಅತಿ ಬಿಗಿಯ ಕಾರ್ಬನ್ ತಂತಿ. ಸಾಮಾನ್ಯ ನೈಲಾನ್‌ಗಿಂತ ತೆಳು, ದನಿ ಚುರುಕು. ಆದರೆ ಈ ಬಿಗಿಯ ತಂತಿ ಸ್ವರಕ್ಕೆ ಏರಬೇಕಾದರೆ ಗಿಟಾರ್‌ನ ಮರವನ್ನು ಹೆಚ್ಚು ಬಲವಾಗಿ ಎಳೆಯುತ್ತದೆ. ಕೆಲವು ಗಿಟಾರ್‌ಗಳು ಆ ಎಳೆತವನ್ನು ತಡೆದುಕೊಂಡು ಗರ್ಜಿಸುತ್ತವೆ. ಕೆಲವು ಬಿಗಿದುಕೊಂಡು ಸುಮ್ಮನಾಗುತ್ತವೆ. ಯಾವುದು ಯಾವ ಜಾತಿಯದು ಎಂದು ಪ್ಯಾಕೆಟ್ ಮೇಲೆ ಬರೆದಿರುವುದಿಲ್ಲ.

ಅವಳ ಗಿಟಾರ್ ತೆಳು ಹಲಗೆಯದು, ಎತ್ತಿದರೆ ಖಾಲಿ ಪೆಟ್ಟಿಗೆಯಷ್ಟು ಹಗುರ. ಮಾಡಿದವನು ಅವಳ ಭಾವ. ಅಕ್ಕ ಭಾವ ಇರುವ ಮನೆಯಲ್ಲೇ ಅವಳ ವಾಸ, ಕೆಳಗಡೆ ಭಾವನ ಕಾರ್ಖಾನೆ. ಭಾವನಿಗೆ ಕೆಲಸ ಬರುತ್ತಿತ್ತು, ಅನುಮಾನ ಪಡುವುದು ಬರುತ್ತಿರಲಿಲ್ಲ. ಬಿಗಿ ತಂತಿ ಹಾಕಬಹುದಾ ಎಂದು ಕೇಳಿದ್ದಕ್ಕೆ ಅವನು ತಲೆಯನ್ನೂ ಎತ್ತದೆ, ತಾನು ಅಂಟಿಸಿದ ಬ್ರಿಜ್ ಕಿತ್ತು ಬರಬೇಕಾದರೆ ಆನೆಯನ್ನು ಕರೆಸಬೇಕು ಎಂದಿದ್ದ. ಬ್ರಿಜ್ ಅಂದರೆ ಗಿಟಾರ್‌ನ ಹೊಟ್ಟೆಯ ಮೇಲೆ ತಂತಿಗಳನ್ನು ಕಟ್ಟುವ ಮರದ ತುಂಡು. ಆರೂ ತಂತಿಗಳ ಎಳೆತವನ್ನು ಹಿಡಿದು ನಿಲ್ಲುವುದು ಅದರ ಕೆಳಗಿನ ಅಂಟು ಮಾತ್ರ.

ಅಕ್ಕ ಒಳಗಿನಿಂದ, ಈ ಮನುಷ್ಯ ಅಂಟಿಸಿದ ಅಡುಗೆಮನೆಯ ಕಪಾಟಿನ ಹಿಡಿ ಯಾವಾಗಲೋ ಕೈಗೆ ಬಂದಿದೆ ಎಂದು ನೆನಪಿಸಿದಳು. ಭಾವ ಅದನ್ನು ಕೇಳಿಸಿಕೊಳ್ಳಲಿಲ್ಲ.

ಬಿಗಿ ತಂತಿಯ ಹಟ ಅವಳಿಗೆ ಸುಮ್ಮನೆ ಬಂದದ್ದಲ್ಲ. ಅವಳು ಪಾಠ ಹೇಳುವ ಸಂಗೀತ ಶಾಲೆಯಲ್ಲಿ ಹೊಸ ಸಭಾಂಗಣ ಎದ್ದಿತ್ತು. ಪ್ರಾರಂಭದ ದಿನ ಒಬ್ಬರು ಮಾತ್ರ ಒಂಟಿಯಾಗಿ ಗಿಟಾರ್ ನುಡಿಸಬೇಕು, ಮೈಕ್ ಇಲ್ಲದೆ, ಕೊನೆಯ ಸಾಲಿಗೆ ಕೇಳುವ ಹಾಗೆ. ಯಾರು ಎನ್ನುವುದನ್ನು ಪ್ರಾಂಶುಪಾಲೆ ಅಲ್ಲೇ ಕೂತು ಕೇಳಿ ತೀರ್ಮಾನಿಸುತ್ತಾರೆ.

ಅವಳು ವರ್ಷಗಳಿಂದ ಮಕ್ಕಳ ಹಾಡಿನ ಹಿಂದೆ ಕೂತು ನುಡಿಸಿದವಳು. ಮಕ್ಕಳು ಅಪಸ್ವರದಲ್ಲಿ ಕಿರುಚುತ್ತಿದ್ದರು, ಅಪ್ಪ ಅಮ್ಮಂದಿರು ಫೋಟೋ ತೆಗೆಯುತ್ತಿದ್ದರು. ಅವಳ ಗಿಟಾರ್‌ನ ಒಂದು ಸ್ವರವನ್ನೂ ಯಾರೂ ಕೇಳಿರಲಿಲ್ಲ. ಈ ಸಲವೂ ಕೇಳಿಸದಿದ್ದರೆ ಮತ್ತೆ ಅದೇ ಕುರ್ಚಿ, ಮಕ್ಕಳ ಬೆನ್ನ ಹಿಂದೆ, ಬಹುಶಃ ಕೊನೆಯವರೆಗೂ...

ಅವಳಿಗೆ ಪ್ರಪಂಚದ ಮೇಲೆ ತಿರಸ್ಕಾರ ಬೆಳೆದದ್ದು ಹೀಗೆ. ವಿದ್ಯಾರ್ಥಿಗಳು ಇಟ್ಟ ಹೆಸರು ಮೂಗುಮುರಿ ಟೀಚರ್. ಅದು ಅವಳಿಗೆ ಗೊತ್ತಿತ್ತು, ಒಳಗೊಳಗೆ ಇಷ್ಟವೂ ಆಗಿತ್ತು.

ಸೋಮವಾರ ಪ್ರಾಂಶುಪಾಲೆ ಹೊಸ ಉಪಾಧ್ಯಾಯನೊಬ್ಬನನ್ನು ಕರೆತಂದು, ಇವರು ಮೇಲಿನ ಮಹಡಿಯ ನೃತ್ಯ ತರಗತಿಗೆ ಗಿಟಾರ್ ನುಡಿಸುತ್ತಾರೆ, ಸಭಾಂಗಣದ ಆಯ್ಕೆಗೂ ಹೆಸರು ಕೊಟ್ಟಿದ್ದಾರೆ ಎಂದರು. ಇಸ್ತ್ರಿ ಇಲ್ಲದ ಅದೇ ಅಂಗಿ. ಅದೇ ನಗು.

‘ಬಟ್ಟೆ ಒಣಗಿಸೋ ಹಗ್ಗ ಇಲ್ಲಿಗೂ ಬಂತಾ?’ ಎಂದುಕೊಂಡಳು.

ಒಂದೇ ವಾರದಲ್ಲಿ ಮಕ್ಕಳು ಅವನಿಗೆ ಧಡಂ ಸರ್ ಎಂದು ಹೆಸರಿಟ್ಟರು. ಅವನು ನುಡಿಸಿದರೆ ಮೆಟ್ಟಿಲಿನ ಕಂಬಿ ನಡುಗುತ್ತಿತ್ತು. ಅವಳು ಕಿಟಕಿ ಮುಚ್ಚುತ್ತಿದ್ದಳು. ಅವನು ಕೆಳಗೆ ಬಂದಾಗ, ನೀವು ನುಡಿಸೋದನ್ನ ನೋಡಿದ್ರೆ ಗಾಜಿನ ಸಾಮಾನಿನ ಧೂಳು ಒರೆಸಿದ ಹಾಗಿರುತ್ತೆ ಎನ್ನುತ್ತಿದ್ದ. ಬಾಗಿಲು ಬಡಿಯೋ ಪೋಸ್ಟ್‌ಮ್ಯಾನ್‌ಗಿಂತ ವಾಸಿ ಎಂದು ಅವಳು ಹೇಳುತ್ತಿದ್ದಳು. ಇಬ್ಬರೂ ಪ್ರತಿದಿನ ಇದಕ್ಕೆ ಸಮಯ ಮಾಡಿಕೊಳ್ಳುತ್ತಿದ್ದರು. ಬೇಡವಾದವರಿಗೆ ಜನ ಇಷ್ಟು ಸಮಯ ಕೊಡುವುದಿಲ್ಲ ಎಂಬುದು ಶಾಲೆಯಲ್ಲಿ ಅವರಿಬ್ಬರನ್ನು ಬಿಟ್ಟು ಎಲ್ಲರಿಗೂ ಹೊಳೆದಿತ್ತು.

ಹೊಸ ತಂತಿಯ ದನಿ ಅವಳ ಕಿವಿಗೆ ಜೋರಾಗಿಯೇ ಕೇಳುತ್ತಿತ್ತು. ಆದರೆ ನುಡಿಸುವವರ ಕಿವಿ ಗಿಟಾರ್‌ನ ಹಿಂದಿರುತ್ತದೆ. ಮುಂದೆ ಎಷ್ಟು ದೂರ ಹೋಯಿತು ಎನ್ನುವುದು ಎದುರಿಗೆ ಕೂತವರಿಗೆ ಮಾತ್ರ ಗೊತ್ತು.

ಒಂದು ಮಧ್ಯಾಹ್ನ ಪಾಠದ ನಡುವೆ ಅವನು ಬಾಗಿಲಲ್ಲಿ ನಿಂತು ಕೇಳಿದ. ನಗಲಿಲ್ಲ.

“ದನಿ ಗಂಟಲಲ್ಲೇ ನಿಂತಿದೆ. ಬ್ರಿಜ್ ಹತ್ರ ಒಂದ್ಸಲ ನೋಡ್ಕೊಳ್ಳಿ.”

ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡಿದರು.

“ಇನ್ಮೇಲೆ ನನ್ನ ಗಿಟಾರ್ ವಿಷಯಕ್ಕೆ ಬಾಯಿ ಹಾಕ್ಬೇಡಿ.”

ಅವನು ಆಗಲಿ ಎಂಬಂತೆ ತಲೆ ಆಡಿಸಿ ಮೆಟ್ಟಿಲು ಹತ್ತಿದ. ಅವತ್ತಿನಿಂದ ಮಾತೇ ನಿಂತಿತು. ಗೆದ್ದೆ ಎಂದುಕೊಂಡಳು. ಆದರೆ ಮಧ್ಯಾಹ್ನವಾದರೆ ಬಾಗಿಲ ಕಡೆ ನೋಡುತ್ತಿದ್ದಳು. ಯಾಕೆ ನೋಡುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡು, ಗಾಳಿಗೆ ಬಾಗಿಲು ಹೊಡೆದುಕೊಳ್ಳುತ್ತದೆ, ಅದಕ್ಕೆ ಎಂದು ಉತ್ತರವನ್ನೂ ಕೊಟ್ಟುಕೊಂಡಳು.

ಆಮೇಲೆ ಒಂದು ವಿಚಿತ್ರ ಶುರುವಾಯಿತು. ಬಸ್ಸಿನ ನೂಕುನುಗ್ಗಲಿಗೆ ಹೆದರಿ ಅವಳು ಗಿಟಾರನ್ನು ಶಾಲೆಯ ಕಪಾಟಿನಲ್ಲೇ ಬಿಟ್ಟು ಹೋಗುತ್ತಿದ್ದಳು. ಬೆಳಿಗ್ಗೆ ಬಂದು ತೆಗೆದರೆ ತಂತಿಗಳು ಸಡಿಲ. ಹೊಸ ತಂತಿ ಹಿಗ್ಗುವುದು ಸಹಜ ಎಂದು ಮೊದಲು ಸುಮ್ಮನಿದ್ದಳು. ಆದರೆ ಹಿಗ್ಗುವಾಗ ತಂತಿಗಳು ಒಂದೊಂದೂ ಒಂದೊಂದು ಥರ ಇಳಿಯುತ್ತವೆ. ಇಲ್ಲಿ ಆರೂ ಒಂದೇ ಸಮನಾಗಿ, ಅಳೆದು ಇಳಿಸಿದಂತೆ ಇಳಿದಿದ್ದವು.

ಯಾರೋ ಇಳಿಸುತ್ತಿದ್ದಾರೆ.

ಒಂದು ಸಂಜೆ ಹೊರಟವಳು ಗೇಟಿನಿಂದ ವಾಪಸ್ ಬಂದಳು. ವಾದ್ಯಗಳ ಕೋಣೆಯಲ್ಲಿ ಧಡಂ ಸರ್ ಅವಳ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಬಿರಡೆ ತಿರುಗಿಸುತ್ತಿದ್ದ. ಮಗುವಿನ ಅಂಗಿಯ ಗುಂಡಿ ಬಿಚ್ಚುವವನಷ್ಟು ಮೆಲ್ಲಗೆ. ಆ ಮೆಲುತನವೇ ಅವಳನ್ನು ಹೆಚ್ಚು ಉರಿಸಿತು. ಕಳ್ಳತನದಲ್ಲೂ ಎಂಥ ನಯ!

ಅವಳು ಅವನ ಜೊತೆ ಮಾತಾಡಲಿಲ್ಲ. ನೇರವಾಗಿ ಪ್ರಾಂಶುಪಾಲೆಯನ್ನು ಕರೆತಂದಳು. ಅವರು ಕೇಳಿದ್ದಕ್ಕೆ ಅವನು, ಹೌದು, ದಿನಾ ಇಳಿಸುತ್ತಿದ್ದವನು ನಾನೇ ಎಂದ. ಯಾಕೆ ಎಂದರೆ ಉತ್ತರವಿಲ್ಲ. ಪ್ರಾಂಶುಪಾಲೆ ಅಲ್ಲೇ ಅವನ ಹೆಸರನ್ನು ಆಯ್ಕೆಯಿಂದ ತೆಗೆದುಹಾಕಿದರು.

ಅವನು ಅವಳ ಕಡೆ ಒಂದು ಸಲ ನೋಡಿದ. ಹೊರಟುಹೋದ.

ಅವಳು ಗೆಲುವಿನಿಂದ ಗಿಟಾರನ್ನು ಮನೆಗೆ ಹೊತ್ತು ತಂದಳು. ಪೂರ್ತಿ ಸ್ವರಕ್ಕೆ ಏರಿಸಿ ಗೋಡೆಗೆ ನಿಲ್ಲಿಸಿದಳು. ಇನ್ನು ಯಾರು ಮುಟ್ಟುತ್ತಾರೋ ನೋಡೋಣ.

ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಕೋಣೆಯಲ್ಲಿ ಟಕ್ ಎಂದಿತು. ಒಣ ಕಡ್ಡಿ ಮುರಿದಂತೆ, ಅಷ್ಟೇ. ಹೋಗಿ ನೋಡಿದರೆ ಬ್ರಿಜ್‌ನ ಹಿಂದಿನ ಅಂಚು ಹಲಗೆ ಬಿಟ್ಟು ಎದ್ದಿತ್ತು. ಅಕ್ಕ ಬಂದು ಮೇಜಿನ ಮೇಲಿದ್ದ ಲಕೋಟೆಯೊಂದನ್ನು ಆ ಸಂದಿಗೆ ತೂರಿಸಿದಳು. ಸಲೀಸಾಗಿ ಒಳಗೆ ಹೋಯಿತು.

“ರೀ, ನಿಮ್ಮ ಆನೆ ಬಂದು ಹೋಗಿದೆ, ಮೇಲೆ ಬನ್ನಿ,” ಎಂದು ಅಕ್ಕ ಕೆಳಗೆ ಕೂಗಿದಳು.

ಭಾವ ಬಂದ. ಎಲ್ಲ ತಂತಿಗಳನ್ನೂ ಸಡಿಲಿಸಿ, ಸಂದಿಗೆ ದೀಪ ಹಿಡಿದು ಬಹಳ ಹೊತ್ತು ನೋಡಿದ. ಅವನು ಮಾತಿಲ್ಲದೆ ಇದ್ದದ್ದನ್ನು ಆ ಮನೆ ಕಂಡದ್ದು ಕಡಿಮೆ.

“ಒಳಗೆಲ್ಲ ಧೂಳು ಕೂತಿದೆ. ನಿನ್ನೆ ಬಿಟ್ಟಿದ್ದಲ್ಲ ಇದು, ಬಿಡೋಕೆ ಶುರುವಾಗಿ ತುಂಬ ದಿನ ಆಗಿದೆ. ಇಂಥ ತಂತಿ ಕಟ್ಕೊಂಡು ಇಷ್ಟು ದಿನ ಹೇಗೆ ನಿಂತಿತ್ತು ಅನ್ನೋದೇ ಅರ್ಥ ಆಗ್ತಿಲ್ಲ ನನಗೆ.”

ಅವಳಿಗೆ ಅರ್ಥವಾಯಿತು. ಪ್ರತಿ ಸಂಜೆ ಧಡಂ ಸರ್ ಆ ಎಳೆತವನ್ನು ಕಡಿಮೆ ಮಾಡುತ್ತಿದ್ದ. ಪ್ರತಿ ಬೆಳಿಗ್ಗೆ ಅವಳು ಶಪಿಸುತ್ತ ಮತ್ತೆ ಏರಿಸುತ್ತಿದ್ದಳು. ನಿನ್ನೆ ಒಂದು ರಾತ್ರಿ ಅವನ ಕೈ ಇರಲಿಲ್ಲ...

ಭಾವ ಅಂಟು ಹಾಕಿ ಬಿಗಿದು ಕಟ್ಟುತ್ತೇನೆ ಎಂದ. ಆದರೆ ಅಂಟು ಗಟ್ಟಿಯಾಗಬೇಕು, ಆಯ್ಕೆಯ ಹಿಂದಿನ ದಿನದವರೆಗೂ ತಂತಿ ಕಟ್ಟುವಂತಿಲ್ಲ. ತಾನು ಹಾಕಬಹುದು ಅಂದದ್ದು ತಪ್ಪು ಎಂದೂ ಹೇಳಿದ, ಆದರೆ ಅದನ್ನು ಗಿಟಾರ್‌ಗೆ ಹೇಳಿದ, ಅವಳಿಗಲ್ಲ.

ನೃತ್ಯದ ಕೋಣೆಗೆ ಅವಳು ಅದುವರೆಗೂ ಕಾಲಿಟ್ಟಿರಲಿಲ್ಲ. ಗೋಡೆಯುದ್ದಕ್ಕೂ ಕನ್ನಡಿ, ಹಿಮ್ಮಡಿ ಏಟಿಗೆ ಬಣ್ಣ ಹೋದ ಮರದ ನೆಲ. ಧಡಂ ಸರ್ ಒಂದು ಮಡಚುವ ಕುರ್ಚಿಯ ಮೇಲೆ ಕೂತು ಉಗುರು ಉಜ್ಜಿಕೊಳ್ಳುತ್ತಿದ್ದ. ಕನ್ನಡಿಯಲ್ಲಿ ಅವಳನ್ನು ನೋಡಿದ, ಏಳಲಿಲ್ಲ.

“ಬ್ರಿಜ್ ಎದ್ದಿದೆ,” ಎಂದಳು.

“ಗೊತ್ತು.”

“ನಿನ್ನೆ ಮೇಡಂ ಮುಂದೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಒಡೆದ ಗಿಟಾರ್ ಅಂತ ನಿಮ್ಮ ಹೆಸರನ್ನೂ ತೆಗೀತಿದ್ರು. ಬೇರೆ ಗಿಟಾರ್ ಇದೆಯಾ ನಿಮ್ಮ ಹತ್ರ?”

ಇರಲಿಲ್ಲ. ಕನ್ನಡಿ ತುಂಬ ತಾನೇ ನಿಂತಿದ್ದಳು, ಎಲ್ಲಿ ನೋಡಿದರೂ. ನೋಡಲು ಯೋಗ್ಯವಾದ ದೃಶ್ಯವಾಗಿರಲಿಲ್ಲ.

“ನನಗಾದ್ರೂ ಹೇಳಬಹುದಿತ್ತಲ್ಲ.”

“ಹೇಳಿದ್ರೆ ಕೇಳ್ತಿದ್ರಾ?”

“ಇಲ್ಲ.”

ಅವನು ಉಗುರು ಉಜ್ಜುವುದನ್ನು ನಿಲ್ಲಿಸಿದ. ನಿಮ್ಮದೊಬ್ಬರದೇ ಅಲ್ಲ, ನನ್ನದೂ ಸೊಕ್ಕೇ ಎಂದು ನಿಧಾನವಾಗಿ ಹೇಳಿದ. ಅವಳ ಮುಂದೆ ಇನ್ನೊಂದು ಸಲ ನಿಂತು ಹೇಳಿ ಬೈಸಿಕೊಳ್ಳುವುದಕ್ಕಿಂತ ಕದ್ದು ಮಾಡುವುದೇ ಅವನಿಗೆ ಸುಲಭ ಅನ್ನಿಸಿತ್ತು. ಆಯ್ಕೆ ಮುಗಿಯುವವರೆಗೆ ಹೇಗೋ ತಳ್ಳಿದರೆ ಸಾಕು ಎಂದುಕೊಂಡಿದ್ದ. ಮೂರ್ಖತನ ಅಂತ ಅವನೇ ಸೇರಿಸಿದ. ಅವಳು ಹೌದು ಎಂದಳು, ಮನಸ್ಸಿಗೆ ಸ್ವಲ್ಪ ಹಗುರವಾಯಿತು.

ಕ್ಷಮೆ ಕೇಳುವ ಅಭ್ಯಾಸ ಅವಳಿಗಿರಲಿಲ್ಲ. ಅದರ ಬದಲು ಕೆಳಗಿಳಿದು ಪ್ರಾಂಶುಪಾಲೆಗೆ ಎಲ್ಲವನ್ನೂ ಹೇಳಿದಳು, ತನ್ನ ಹೆಸರು ಹೋಗುವುದಾದರೆ ಹೋಗಲಿ ಎಂದೇ. ಅವರು ಕನ್ನಡಕ ತೆಗೆದು, ನಾನು ಇಬ್ಬರು ಗಿಟಾರ್ ಟೀಚರ್‌ಗಳನ್ನು ತಗೊಂಡೆ ಅಂದ್ಕೊಂಡಿದ್ದೆ, ಬಂದಿರೋದು ಎರಡು ಜಗಳಗಂಟಿ ಕೋಳಿಗಳು ಎಂದರು. ಅವನ ಹೆಸರನ್ನು ಮತ್ತೆ ಸೇರಿಸಿದರು. ಅವಳ ಹೆಸರೂ ಉಳಿಯಿತು, ಗಿಟಾರ್ ಸಿದ್ಧವಾದರೆ ಮಾತ್ರ ಎಂಬ ಷರತ್ತಿನೊಂದಿಗೆ.

ಆಯ್ಕೆಯ ಹಿಂದಿನ ದಿನ ಭಾವ ಬಿಗಿದ ಕಟ್ಟು ಬಿಚ್ಚಿದ. ಅಂಟು ಹಿಡಿದಿತ್ತು. ಅಷ್ಟರಲ್ಲಿ ಧಡಂ ಸರ್ ಕೂಡ ಬಂದ, ತನ್ನ ಗಿಟಾರ್ ಸಮೇತ. ಕರೆದವರು ಯಾರು ಎಂದು ಅವಳು ಕೇಳಿದ್ದಕ್ಕೆ ಅಕ್ಕ, ನಾನೇ ಕರೆದೆ, ಮನೆಯಲ್ಲಿ ಒಬ್ಬರಿಗಾದರೂ ತಲೆ ಇರಬೇಕಲ್ಲ ಎಂದು ಒಳಗೆ ಹೋದಳು.

ಕಾರ್ಖಾನೆಯ ಮರದ ಪುಡಿಯ ನಡುವೆ ಕೂತು ತಂತಿಯ ಚರ್ಚೆಯಾಯಿತು. ಈ ತೆಳು ಹಲಗೆಗೆ ಮಧ್ಯಮ ಬಿಗಿಯೇ ಸರಿ, ಅದಕ್ಕೆ ಇಬ್ಬರೂ ಒಪ್ಪಿದರು. ಎರಡನೆಯದಕ್ಕೆ ಒಪ್ಪಲಿಲ್ಲ. ಮೇಲಿನ ಸ್ವರದ ಮೂರು ತಂತಿಗಳೂ ನೈಲಾನ್ ಇರಲಿ ಎಂದ ಅವನು. ಮೂರನೆಯದು ನೈಲಾನ್ ಆದರೆ ದಪ್ಪಗೆ, ಮಬ್ಬಾಗಿ ಕೇಳುತ್ತದೆ, ಅದೊಂದನ್ನು ಕಾರ್ಬನ್ ಮಾಡಬೇಕು ಎಂದಳು ಅವಳು. ಅವನು ಸ್ವಲ್ಪ ಯೋಚಿಸಿ, ನನ್ನ ಗಿಟಾರ್‌ನಲ್ಲೂ ಈಗ ಹಾಗೇ ಇದೆ ಎಂದು ಒಪ್ಪಿಕೊಂಡ. ಹಾಗಿದ್ದಮೇಲೆ ಇಷ್ಟು ಹೊತ್ತು ಯಾಕೆ ವಾದಿಸಿದಿರಿ ಎಂದರೆ, ನಿಮ್ಮ ಮಾತಿಗೆ ತಕ್ಷಣ ಹೂಂ ಅನ್ನೋದು ನನಗೆ ರೂಢಿ ಇಲ್ಲ ಎಂದ.

ಆದರೆ ಕಷ್ಟ ಬೇರೆಡೆ ಇತ್ತು. ದಪ್ಪನೆಯ ಮೂರು ತಂತಿಗಳ ಮೇಲೆ ಲೋಹದ ಸುತ್ತು ಇರುತ್ತದೆ, ಅವು ಬೇಗ ಹದಕ್ಕೆ ಬರುತ್ತವೆ. ಮೇಲಿನ ಮೂರು ಹಾಗಲ್ಲ. ಹೊಸದಾಗಿ ಕಟ್ಟಿದರೆ ದಿನಗಟ್ಟಲೆ ಹಿಗ್ಗುತ್ತ, ನುಡಿಸುತ್ತಿರುವಾಗಲೇ ಸ್ವರ ಜಾರುತ್ತವೆ. ನಾಳೆ ಬೆಳಿಗ್ಗೆಯೇ ಆಯ್ಕೆ.

ಅವಳು ಹೊಸ ತಂತಿಯ ಪ್ಯಾಕೆಟ್ ನೋಡುತ್ತ ಕೂತಳು. ಇಷ್ಟು ವರ್ಷ ಕಾದು, ಕೊನೆಗೆ ಒಂದು ನೂಲಿನ ಎಳೆಗೆ ಸೋಲುವುದು ಎಂದರೆ...

ಕಿರ್ ಕಿರ್ ಎನ್ನುವ ಸದ್ದಿಗೆ ತಲೆ ಎತ್ತಿದಳು. ಅವನು ತನ್ನ ಗಿಟಾರ್‌ನ ಬಿರಡೆ ತಿರುಗಿಸಿ ಮೇಲಿನ ಮೂರು ತಂತಿಗಳನ್ನು ಬಿಚ್ಚುತ್ತಿದ್ದ.

“ಏನ್ ಮಾಡ್ತಿದೀರಿ?”

“ಇವು ವಾರಗಟ್ಟಲೆ ನುಡಿಸಿದ ತಂತಿ. ಹಿಗ್ಗೋದೆಲ್ಲ ಹಿಗ್ಗಿ ಆಗಿದೆ. ಹಳೇ ಮಡಿಕೆ ಹಳೇ ಜಾಗಕ್ಕೇ ಬರೋ ಹಾಗೆ ಕಟ್ಟಿದ್ರೆ ಸಂಜೆಯೊಳಗೆ ಸ್ವರ ನಿಲ್ಲುತ್ತೆ.”

“ಇನ್ನೊಬ್ಬರ ಎಂಜಲು ತಂತಿ ನಾನು ಹಾಕ್ಕೊಳ್ಳಲ್ಲ.”

“ಹಾಗಾದ್ರೆ ನಾಳೆ ಹೊಸ ತಂತೀಲಿ ಅಪಸ್ವರ ನುಡಿಸಿ. ಅದೂ ಕೊನೇ ಸಾಲಿಗೆ ಕೇಳುತ್ತೆ.”

ಅವಳಿಗೆ ಆಗ ಹೊಳೆಯಿತು. ಅವನ ಗಿಟಾರ್ ಈಗ ಅರ್ಧ ಬೋಳು. ಅದಕ್ಕೆ ಹೊಸ ತಂತಿ ಕಟ್ಟಿದರೆ ಅವೂ ನಾಳೆ ಜಾರುತ್ತವೆ.

“ಮತ್ತೆ ನೀವು ಏನು ನುಡಿಸ್ತೀರಿ ನಾಳೆ?”

“ನುಡಿಸಲ್ಲ.”

“ನನಗೆ ಯಾರ ದಾನಾನೂ ಬೇಕಾಗಿಲ್ಲ.”

ಅವನು ಬಿಚ್ಚಿದ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವಳನ್ನೇ ನೋಡಿದ. ಅಂಗಡಿಯಲ್ಲಿ ಕಂಡಾಗಿನಿಂದ ಅವನ ಮುಖದಲ್ಲಿ ಅವಳು ನೋಡದೇ ಇದ್ದ ಒಂದು ಹಿಂಜರಿಕೆ ಅಲ್ಲಿತ್ತು.

“ದಾನ ಅಲ್ಲ ರೀ. ನನ್ನನ್ನ ಜನ ಕೇಳಿದಾರೆ, ಕುಣಿಯೋರ ಕಾಲಿನ ಸದ್ದಿನ ಜೊತೆ ಆದ್ರೂ ಕೇಳಿದಾರೆ. ನಿಮ್ಮನ್ನ ಕೇಳಿರೋನು ನಾನೊಬ್ಬನೇ, ಮೆಟ್ಟಿಲ ಮೇಲೆ ನಿಂತ್ಕೊಂಡು. ಅಷ್ಟು ಚೆನ್ನಾಗಿರೋದನ್ನ ನಾನೊಬ್ಬನೇ ಕೇಳಿ ಸುಮ್ಮನಿರೋಕೆ ಆಗ್ತಿಲ್ಲ.”

ಅವಳು ಏನಾದರೂ ಚುಚ್ಚಿ ಮಾತಾಡಬೇಕು ಎಂದು ಹುಡುಕಿದಳು. ಮೊದಲ ಬಾರಿಗೆ ಒಂದೂ ಸಿಗಲಿಲ್ಲ. ಕೈ ಚಾಚಿದಳು. ಅವನು ತಂತಿಯನ್ನು ಅಂಗೈಯಲ್ಲಿಟ್ಟ. ಅವನ ಬೆರಳಿನ ಬಿಸಿ ಅದರಲ್ಲಿ ಇನ್ನೂ ಇತ್ತು.

ಇಬ್ಬರೂ ಸೇರಿ ಕಟ್ಟಿದರು. ಗಂಟು ಹಾಕುವುದು ಹೇಗೆ ಎಂಬುದಕ್ಕೂ ಜಗಳವಾಡಿದರು. ಭಾವ ಗೋಡೆಯ ಕಡೆ ತಿರುಗಿ ಏನೋ ಉಜ್ಜುತ್ತಿದ್ದ. ಉಜ್ಜುವುದಕ್ಕೆ ಕೈಯಲ್ಲಿ ಏನೂ ಇರಲಿಲ್ಲ.

ಸಭಾಂಗಣದಲ್ಲಿ ಹೊಸ ಬಣ್ಣದ ವಾಸನೆ. ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಪ್ರಾಂಶುಪಾಲೆ ಕೊನೆಯ ಸಾಲಿನ ನಡುವೆ ಕೂತರು. ಅವನು ಅದೇ ಸಾಲಿನ ತುದಿಯಲ್ಲಿ, ಬಾಗಿಲ ಪಕ್ಕ. ತನ್ನ ಗಿಟಾರ್ ಇವತ್ತು ನುಡಿಯುವ ಸ್ಥಿತಿಯಲ್ಲಿಲ್ಲ ಎಂದಷ್ಟೇ ಅವರಿಗೆ ಹೇಳಿದ್ದ.

ಅವಳು ಒಂಟಿ ಕುರ್ಚಿಯ ಮೇಲೆ ಕೂತಳು. ಮುಂದೆ ಯಾವ ಮಗುವಿನ ಬೆನ್ನೂ ಇರಲಿಲ್ಲ.

ಮೊದಲ ಸ್ವರ ನುಡಿಸಿದಾಗ ಅವಳಿಗೆ ದನಿ ಚಿಕ್ಕದೆನಿಸಿತು. ಜೋರಾಗಿ ಮೀಟಬೇಕು ಎನ್ನುವ ಆಸೆಯನ್ನು ಹತ್ತಿಕ್ಕಿ, ಬೆರಳನ್ನು ಅದರ ಪಾಡಿಗೆ ಬಿಟ್ಟಳು. ಹಲಗೆ ಎದೆಗೆ ತಾಗಿ ಕಂಪಿಸತೊಡಗಿತು. ಬಿಗಿ ತಂತಿಯಲ್ಲಿ ಅದು ಹೀಗೆ ಒಮ್ಮೆಯೂ ಅಲುಗಿರಲಿಲ್ಲ. ದನಿ ಕುರ್ಚಿಗಳ ಸಾಲು ದಾಟಿ ಹಿಂದಿನ ಗೋಡೆಗೆ ತಾಗಿ ಬಂದಾಗ ಅವಳಿಗೇ ಅದು ಕೇಳಿಸಿತು.

ನಡುವೆ ಎರಡನೆಯ ತಂತಿ ಕೂದಲೆಳೆಯಷ್ಟು ಇಳಿಯಿತು. ದಪ್ಪ ತಂತಿ ಒಂದೇ ಮೊಳಗುತ್ತಿದ್ದ ಜಾಗದಲ್ಲಿ, ಎಡಗೈ ಎತ್ತಿ ಬಿರಡೆಯನ್ನು ಚೂರೇ ತಿರುಗಿಸಿ ಮುಂದೆ ಹೋದಳು. ಬಾಗಿಲ ಪಕ್ಕದವನು ಕುರ್ಚಿಯ ಅಂಚಿಗೆ ಬಂದದ್ದು ಅವಳಿಗೆ ಕಂಡಿತು. ಆಮೇಲೆ ತಂತಿ ಜಾರಲಿಲ್ಲ.

ಮುಗಿದ ಮೇಲೆ ಪ್ರಾಂಶುಪಾಲೆ ಎದ್ದು ಸೀರೆ ಸರಿಮಾಡಿಕೊಂಡರು. ಹೊಗಳುವ ಅಭ್ಯಾಸ ಅವರಿಗೂ ಇರಲಿಲ್ಲ. ಕೊನೆಯ ಸಾಲಿಗೆ ಬೆರಳು ತಂತಿ ಬಿಡುವ ಸದ್ದೂ ಕೇಳಿತು, ಪ್ರಾರಂಭದ ದಿನ ನೀವೇ, ಮಕ್ಕಳ ಹಾಡಿಗೆ ಬೇರೆಯವರನ್ನು ನೋಡುತ್ತೇನೆ ಎಂದು ಹೇಳಿ ಹೊರಟರು.

ಅವಳು ಗಿಟಾರನ್ನು ಕುರ್ಚಿಗೆ ಒರಗಿಸಿ ಇಳಿದು ಬಂದಳು. ಸಾಲುಗಳನ್ನು ದಾಟಿ ಅವನ ಮುಂದೆ ನಿಂತಾಗ ಅವನ ಕಣ್ಣುಗಳು ಕೆಂಪಾಗಿದ್ದವು.

“ಅಳ್ತಿದೀರಾ?”

“ಬಣ್ಣದ ವಾಸನೆ.”

“ಸುಳ್ಳು ಹೇಳೋಕೂ ಬರಲ್ಲ ನಿಮಗೆ.”

ಅವಳು ಪಕ್ಕದ ಕುರ್ಚಿಯಲ್ಲಿ ಕೂತಳು. ಪ್ಲಾಸ್ಟಿಕ್ ಹೊದಿಕೆ ಚರಚರ ಎಂದಿತು. ವೇದಿಕೆಯ ಮೇಲೆ ಒಂಟಿಯಾಗಿ ಒರಗಿದ್ದ ಗಿಟಾರ್ ಕಡೆ ನೋಡಿದಳು.

“ನಿಮ್ಮ ತಂತಿ ನಾನು ವಾಪಸ್ ಕೊಡಲ್ಲ,” ಎಂದಳು ಅವಳು.

“ಇಟ್ಕೊಳ್ಳಿ.”

“ನಿಮ್ಮನ್ನೂ ವಾಪಸ್ ಕಳಿಸಲ್ಲ.”

ಅವನು ತಿರುಗಿ ನೋಡಿದ. ಅವಳು ವೇದಿಕೆಯಿಂದ ಕಣ್ಣು ಕೀಳಲಿಲ್ಲ, ಆದರೆ ಅವಳ ಕೈ ಕುರ್ಚಿಯ ಹಿಡಿಯ ಮೇಲೆ ಅವನ ಕೈಯನ್ನು ಹುಡುಕಿ ಹಿಡಿಯಿತು.

“ಯೋಚಿಸಿ ಹೇಳ್ತಿದೀರಾ?”

“ಯೋಚಿಸಿದ್ರೆ ಹೇಳ್ತಿರಲಿಲ್ಲ. ಸುಮ್ನೆ ಕೂತ್ಕೊಳ್ಳಿ.”

ಅವನು ಸುಮ್ಮನೆ ಕೂತ.